33 ಅಡಿಯ ಸರಪಳಿ

ಚಿಪ್ಪಗಿರಿಯ ಎರೆಹೊಲದ ಬದುವಿನ ಮೇಲೆ ನಿಂತಿದ್ದೀರಿ. 1802ರಲ್ಲಿ ಶುರುವಾದ ಮೋಜಣಿ ಈಗ ಈ ಊರಿಗೂ ಬಂದಿದೆ. ಬಿಸಿಲಿಗೆ ನೆಲ ಬಾಯಿ ಬಿಟ್ಟಿದೆ. ಹಿಂದೆ ಗುಡ್ಡದ ಮೇಲೆ ಹಳೆಯ ಜೈನ ಬಸದಿ, ಇತ್ತ ವಿಜಯದಾಸರ ಕಟ್ಟೆ. ದಾಸರು ಹೋಗಿ ಐವತ್ತು ವರ್ಷವಾಗುತ್ತ ಬಂತು.

ಇಬ್ಬರು ಆಳುಗಳು ಸರಪಳಿ ಎಳೆದು ಹಿಡಿದಿದ್ದಾರೆ. ಉದ್ದ 33 ಅಡಿ. ಅಷ್ಟುದ್ದ, ಅಷ್ಟಗಲ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಹೊಲದೊಡೆಯ ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತ ಬಾಗಿ ಬಾಗಿ ನೋಡುತ್ತಾನೆ. ಸರಪಳಿ ಜೋತುಬಿದ್ದರೆ ಕಾಗದದ ಮೇಲೆ ಹೊಲ ಹಿಗ್ಗುತ್ತದೆ, ಹೊಲದ ಜೊತೆ ಕಂದಾಯವೂ. ಗುಮಾಸ್ತ ತಲೆಯೆತ್ತದೆ ಬರೆದುಕೊಳ್ಳುತ್ತಾನೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ದೊರೆಯನ್ನು ಇಳಿಸುವುದು ಒಂದು ದಿನದ ಕೆಲಸವಾಯಿತು. ಮರುವರ್ಷ, ತನ್ನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿ ಪಡೆಯ ಖರ್ಚಿಗೆಂದು, ಹೈದರಾಬಾದಿನ ನಿಜಾಮ ಬಳ್ಳಾರಿ, ಅನಂತಪುರ, ಕಡಪದ ಜೊತೆ ಆದವಾನಿ ಸೀಮೆಯನ್ನೂ ಕಂಪನಿಗೆ ಬಿಟ್ಟುಕೊಟ್ಟ. ಚಿಪ್ಪಗಿರಿಯೂ ಸೇರಿದ್ದ ಈ ಸೀಮೆಗೆ, ಸೈನ್ಯದವನೇ ಆದ ಥಾಮಸ್ ಮನ್ರೋ ಕಲೆಕ್ಟರನಾಗಿ ಬಂದ. ಸೀಮೆಯ ತುಂಬ 80 ಪಾಳೆಯಗಾರರು. ಅವರ ಬಲ ಮುರಿಯಲು ಫಿರಂಗಿ ಬೇಕಾಯಿತು. ಕಂದಾಯಕ್ಕೆ ತಿರುಗಿಬಿದ್ದ ತೆರ್ನೇಕಲ್ಲಿನ ಕೋಟೆಯನ್ನು 1801ರ ಕೊನೆಗೆ ಕಂಪನಿಯ ಪಡೆ ಹೊಡೆದು ಹಿಡಿಯಿತು. ಆ ಊರು ಚಿಪ್ಪಗಿರಿಗೆ ದೂರವೇನಲ್ಲ.

ಫಿರಂಗಿ ಆದಮೇಲೆ ಸರಪಳಿ. ಮನ್ರೋ ಡೇರೆಯಲ್ಲೇ ಮಲಗಿ ಊರೂರು ತಿರುಗಿದ. ಗೌಡರನ್ನು, ಶಾನಭೋಗರನ್ನು, ರೈತರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿದ. ಬಿತ್ತನೆಗೆ, ಎತ್ತಿಗೆ ತಕ್ಕಾವಿ ಸಾಲ ಕೊಡಿಸಿದ. ನಡುವಿನ ಗುತ್ತಿಗೆದಾರನನ್ನು ಬಿಟ್ಟು ಒಬ್ಬೊಬ್ಬ ರೈತನ ಹೆಸರಿಗೆ ಕಂದಾಯ ಬರೆಸಿದ; ಇದೇ ರೈತವಾರಿ. ನಾಡು ಕಟ್ಟುವುದೆಂದರೆ ಇದೇ ಎಂದು ಅವನು ನಂಬಿದ್ದ. ನಂಬಿಕೆ ಸುಳ್ಳೆಂದು ನಾನು ಹೇಳಲಾರೆ. ಆದರೆ ಸರಪಳಿ ಎಳೆಸಿದ್ದು ಕಂಪನಿಯ ಬೊಕ್ಕಸ. ಹಾಕಿದ ಕಂದಾಯ ರೈತನ ಕೈ ಮೀರಿತ್ತು. 1807ರಲ್ಲಿ ತನ್ನ ದೇಶಕ್ಕೆ ಹೊರಡುವ ಮುನ್ನ ಮನ್ರೋ ತಾನೇ ಬರೆದುಕೊಟ್ಟ: ನೂರಕ್ಕೆ 25 ಇಳಿಸಿ.

ಇಳಿಸಲಿಲ್ಲ. ಅವನು ಹೋದಮೇಲೆ ರೈತವಾರಿಯನ್ನೇ ಬದಿಗಿಟ್ಟು ಊರೂರನ್ನು ಗುತ್ತಿಗೆಗೆ ಕೊಟ್ಟರು. 1820ರಲ್ಲಿ ಮದ್ರಾಸಿನ ಗವರ್ನರನಾಗಿ ಮನ್ರೋ ಮರಳಿ ಬಂದಮೇಲೆಯೇ ರೈತವಾರಿ ಮತ್ತೆ ಜಾರಿಗೆ ಬಂತು. 1827ರ ಜುಲೈ 6ರಂದು, ಇದೇ ಸೀಮೆಯ ಪತ್ತಿಕೊಂಡದಲ್ಲಿ, ಅವನು ಕಾಲರಾದಿಂದ ತೀರಿಕೊಂಡ.