ಎಲೆಮರೆಯ ಉಪಗ್ರಹಗಳು

ಲೋಕದಲ್ಲಿ ಕೆಲಸ ಮಾಡುವವರು ಎರಡು ಬಗೆ. ಮಾಡಿದ್ದನ್ನು ಡಂಗುರ ಸಾರಿ ತಿಳಿಸುವವರು ಕೆಲವರು. ಮಾಡಿ ಮುಗಿಸಿ ಮೌನವಾಗಿ ಮುಂದಿನ ಕೆಲಸಕ್ಕೆ ಕೈಹಾಕುವವರು ಮತ್ತೆ ಕೆಲವರು. ಎರಡನೆಯವರ ನಡತೆ ಶ್ಲಾಘ್ಯವಾದುದೇ. ಆದರೆ ಹಲವರ ನೆರವಿಲ್ಲದೆ ನಡೆಯಲಾರದ ಕಾರ್ಯಕ್ಕೆ ಮೌನವೇ ಶತ್ರುವಾಗುವುದೂ ಉಂಟು. ಹವ್ಯಾಸಿ ಬಾನುಲಿಗರ ಉಪಗ್ರಹಗಳ ಕಥೆ ಇದಕ್ಕೊಂದು ನಿದರ್ಶನ.

ಹವ್ಯಾಸಿ ಬಾನುಲಿಗರನ್ನು ‘ಹ್ಯಾಮ್’ಗಳೆಂದು ಕರೆಯುವುದು ರೂಢಿ. ಇವರು ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಸರಕಾರದ ಪರವಾನಗಿ ಪಡೆದು, ಮನೆಯಿಂದಲೇ ದೂರದೇಶಗಳ ಗೆಳೆಯರೊಡನೆ ರೇಡಿಯೋ ಮೂಲಕ ಮಾತನಾಡುವವರು. ಈ ಹವ್ಯಾಸವನ್ನು ಹಣ ಸಂಪಾದನೆಗೆ ಬಳಸಬಾರದೆಂಬುದು ಕಟ್ಟಳೆ. 1957ರಲ್ಲಿ ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಆಕಾಶವನ್ನೇರಿದ ನಾಲ್ಕು ವರ್ಷಗಳಲ್ಲಿಯೇ ಅಮೆರಿಕದ ಕ್ಯಾಲಿಫೋರ್ನಿಯಾದ ಹವ್ಯಾಸಿಗಳ ತಂಡವೊಂದು ತನ್ನ ಕೈಯಾರೆ ಉಪಗ್ರಹವನ್ನು ಕಟ್ಟಿತು. ಅದರ ತೂಕ ಸುಮಾರು ನಾಲ್ಕೂವರೆ ಕಿಲೋಗ್ರಾಂ. ರಾಕೆಟ್ಟಿನಲ್ಲಿ ಸಮತೂಕಕ್ಕಾಗಿ ಇಡುತ್ತಿದ್ದ ಭಾರದ ಸ್ಥಳದಲ್ಲಿ ಅದಕ್ಕೆ ಆಶ್ರಯ ದೊರೆಯಿತು. 1961ರ ಡಿಸೆಂಬರ್ 12ರಂದು ಕಕ್ಷೆಯನ್ನು ಸೇರಿದ ಆ ಪುಟ್ಟ ಪೆಟ್ಟಿಗೆಯ ಹೆಸರು ‘ಆಸ್ಕರ್-1’.

ಅದಕ್ಕೆ ತಿಳಿದಿದ್ದುದು ಒಂದೇ ಮಾತು. ಮೋರ್ಸ್ ಸಂಕೇತದಲ್ಲಿ ನಾಲ್ಕು ಚುಕ್ಕೆ, ಬಳಿಕ ಎರಡು ಚುಕ್ಕೆ. ‘ಹಾಯ್’ ಎಂಬ ಸ್ನೇಹದ ನಮಸ್ಕಾರ. ಸುಮಾರು ಮೂರು ವಾರಗಳ ಕಾಲ ಕೇಳಿಬಂದ ಆ ನಮಸ್ಕಾರವನ್ನು 28 ದೇಶಗಳ 570ಕ್ಕೂ ಹೆಚ್ಚು ಹವ್ಯಾಸಿಗಳು ಆಲಿಸಿ ವರದಿ ಕಳುಹಿಸಿದರು. ಕೇಳುವವನಿಗೂ ಕೆಲಸದಲ್ಲಿ ಪಾಲು ದೊರೆತಿತ್ತು. ಅದಕ್ಕಿಂತ ಉತ್ತಮವಾದ ಪ್ರಚಾರ ಬೇರೊಂದಿಲ್ಲ.

ಈ ಕಾರ್ಯವನ್ನು ಮುಂದುವರಿಸಲು 1969ರಲ್ಲಿ ವಾಷಿಂಗ್ಟನ್ ನಗರದಲ್ಲಿ ‘ಆಮ್‌ಸ್ಯಾಟ್’ ಎಂಬ ಸಂಸ್ಥೆ ಜನ್ಮತಾಳಿತು. ಹಗಲು ಜೀವನೋಪಾಯದ ಉದ್ಯೋಗ, ಬಿಡುವಿನ ವೇಳೆಯಲ್ಲಿ ಉಪಗ್ರಹದ ಬೆಸುಗೆ, ಇದು ಇಂಥ ಸ್ವಯಂಸೇವಕರ ದಿನಚರಿ. ಸದಸ್ಯರ ಚಂದಾ, ದಾನಿಗಳ ಕೊಡುಗೆ, ಇವೇ ಆಧಾರ. ಆದ್ದರಿಂದ ಜನರಿಗೆ ತಿಳಿಸುವುದು ಇಲ್ಲಿ ಕೀರ್ತಿಯ ಹಂಬಲವಲ್ಲ. ಅಳಿವು ಉಳಿವಿನ ಪ್ರಶ್ನೆ.

ತಿಳಿಸುವುದಾದರೂ ಸುಲಭವೆ? ಬೆಸುಗೆಯಲ್ಲಿ ನುರಿತ ಕೈ ಲೇಖನಿ ಹಿಡಿದರೆ ತಡವರಿಸುತ್ತದೆ. ತಂತ್ರಜ್ಞನ ಪರಿಭಾಷೆ ಸಾಮಾನ್ಯ ಓದುಗನಿಗೆ ಮುಚ್ಚಿದ ಬಾಗಿಲು. ಇನ್ನೊಂದು ತೊಡಕು ಈ ಸೇವೆಯ ಔದಾರ್ಯದಲ್ಲಿಯೇ ಅಡಗಿದೆ. ಉಪಗ್ರಹದ ದನಿಯನ್ನು ಚಂದಾ ಕೊಟ್ಟವನೂ ಕೇಳಬಹುದು, ಕೊಡದವನೂ ಕೇಳಬಹುದು. ಬೇಸಗೆಯ ದಾರಿಯಲ್ಲಿ ಅರವಟ್ಟಿಗೆಯ ನೀರು ಕುಡಿದು ತಣಿದವರಲ್ಲಿ, ಕೊಡ ಹೊತ್ತು ತಂದವರು ಯಾರೆಂದು ವಿಚಾರಿಸುವವರು ಎಷ್ಟು ಮಂದಿ?

ಸೋಲನ್ನು ಹೇಳಿಕೊಳ್ಳುವುದು ಇವೆಲ್ಲಕ್ಕಿಂತ ಕಠಿನ. 1980ರ ಮೇ 23ರಂದು ಏರಿಯಾನ್ ರಾಕೆಟ್ಟು ವಿಫಲಗೊಂಡು, ಹಲವು ದೇಶಗಳ ಹವ್ಯಾಸಿಗಳು ವರ್ಷಗಟ್ಟಲೆ ದುಡಿದು ಕಟ್ಟಿದ್ದ ಉಪಗ್ರಹ ಅಟ್ಲಾಂಟಿಕ್ ಸಾಗರದ ಪಾಲಾಯಿತು. ಕಾಣಿಕೆಯಿತ್ತವರ ಮುಂದೆ ಯಾವ ಮುಖದಿಂದ ಮತ್ತೆ ಕೈಯೊಡ್ಡುವುದು? ಆದರೂ ಅವರು ಎದೆಗುಂದಲಿಲ್ಲ. 1983ರ ಜೂನ್ 16ರಂದು ಅದೇ ಬಗೆಯ ರಾಕೆಟ್ಟಿನಲ್ಲಿಯೇ ‘ಆಸ್ಕರ್-10’ ಮೇಲೇರಿತು. ಬಣ್ಣದ ಮಾತು ಒಂದು ಸಲ ಹಣ ತಂದೀತು. ಸಮುದ್ರದ ಪಾಲಾದ ಮೇಲೂ ಬೆಂಬಲ ಉಳಿಯಬೇಕಾದರೆ ವಿಶ್ವಾಸವೇ ಬೇಕು.

ಈ ಕಥೆಗೆ ಕನ್ನಡನಾಡಿನ ನಂಟೂ ಇದೆ. ಬೆಂಗಳೂರಿನ ಇಸ್ರೋ ಉಪಗ್ರಹ ಕೇಂದ್ರದಲ್ಲಿ ನಿರ್ಮಿತವಾದ ‘ಹ್ಯಾಮ್‌ಸ್ಯಾಟ್’ 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಮೇಲೇರಿತು. ಜೊತೆಯಲ್ಲಿದ್ದ ಕಾರ್ಟೋಸ್ಯಾಟ್-1 ಒಂದೂವರೆ ಟನ್ನಿಗೂ ಹೆಚ್ಚು ತೂಗುವ ಹಿರಿಯಣ್ಣ, ಇದು 42.5 ಕಿಲೋಗ್ರಾಂ ತೂಕದ ಕಿರಿಯ. ಭಾರತದ ಹವ್ಯಾಸಿಗಳ ಮತ್ತು ಹಾಲೆಂಡಿನ ಒಬ್ಬ ವಿದ್ಯಾರ್ಥಿಯ ಪರಿಶ್ರಮದ ಫಲವನ್ನು ಹೊತ್ತು, 2014ರವರೆಗೆ ಅದು ಹಲವು ದೇಶಗಳ ಗೆಳೆಯರನ್ನು ಮಾತಿನಲ್ಲಿ ಬೆಸೆಯಿತು. ಬೆಂಗಳೂರಿನ ಬೀದಿಗಳಲ್ಲಿ ಅದರ ಹೆಸರು ಕೇಳಿದವರು ವಿರಳ. ಹಿತ್ತಲ ಗಿಡ ಮದ್ದಲ್ಲವಷ್ಟೆ!

1974ರಲ್ಲಿ ಹಾರಿದ ‘ಆಸ್ಕರ್-7’ರ ಬ್ಯಾಟರಿ ಕೆಟ್ಟು, 1981ರಲ್ಲಿ ಅದು ಮೂಕವಾಯಿತು. ಎಲ್ಲರೂ ಅದರ ಆಸೆಯನ್ನು ಬಿಟ್ಟಿದ್ದರು. 2002ರ ಜೂನ್ 21ರಂದು ಇಂಗ್ಲೆಂಡಿನ ಒಬ್ಬ ಹವ್ಯಾಸಿಗೆ ಪರಿಚಿತವಾದ ದನಿಯೊಂದು ಕೇಳಿಬಂತು. ಬ್ಯಾಟರಿಯ ದೋಷವೇ ಬದಲಾಗಿ, ಬಿಸಿಲು ತಾಗಿದಾಗಲೆಲ್ಲ ಸೌರಫಲಕಗಳ ಬಲದಿಂದಲೇ ಅದು ಮತ್ತೆ ನುಡಿಯತೊಡಗಿತ್ತು! ಆಲಿಸುವ ಕಿವಿಯೊಂದು ಇಲ್ಲದಿದ್ದರೆ ಆ ಪುನರ್ಜನ್ಮ ಯಾರಿಗೂ ತಿಳಿಯುತ್ತಿರಲಿಲ್ಲ. ನುಡಿಯುವುದು ಉಪಗ್ರಹದ ಧರ್ಮ. ಅದು ನುಡಿಯುತ್ತಿದೆಯೆಂದು ನೆರೆಯವರಿಗೆ ತಿಳಿಸುವುದು ಮನುಷ್ಯರ ಧರ್ಮ. ಎಲೆಮರೆಯ ಕಾಯಿ ತಾನಾಗಿ ಕೂಗುವುದಿಲ್ಲ. ಎಲೆಯನ್ನು ಸರಿಸಿ ತೋರಿಸುವ ಕೈ ಬೇಕು.