ಕಿರುಬೆರಳಿಗೆ ಜೋಮು ಹಿಡಿಸಿದ ದೇವದುರ್ಗದ ದಾರಿ

ಸೋಮವಾರ ಬೆಳಗ್ಗೆ ಲ್ಯಾಪ್‌ಟಾಪ್ ತೆಗೆದು ಕೂತರೆ ಬಲಗೈ ಕಿರುಬೆರಳು ಎಂಟರ್ ಕೀ ಒತ್ತಿದ್ದೇ ಗೊತ್ತಾಗಲಿಲ್ಲ. ಜೋಮು! ಪಕ್ಕದ ಉಂಗುರ ಬೆರಳಿಗೂ ಅರ್ಧ. ಅಂಗಿ ಗುಂಡಿ ಹಾಕೋಕೂ ಒದ್ದಾಡಿದೆ. ಹೊಟ್ಟೆಪಾಡು ನಡೆಯೋದೇ ಬೆರಳಿನ ಮೇಲೆ, ನಿಜವಾಗ್ಲೂ ಹೆದರಿಕೆ ಆಯ್ತು.

ಹಿಂದಿನ ದಿನ ರಾಯಚೂರಿನಿಂದ ಗಬ್ಬೂರಿನ ಮೇಲೆ ದೇವದುರ್ಗಕ್ಕೆ ಸೈಕಲ್ ಹೊಡೆದಿದ್ದೆ. ಗಬ್ಬೂರಿನ ಹಳೇ ಗುಡಿಗಳನ್ನು ನೋಡಿಕೊಂಡು, ಆಮೇಲೆ ಡಾಂಬರು ಬಿಟ್ಟು ಹೊಲದ ದಾರಿ ಹಿಡಿದೆ. ಕೃಷ್ಣಾ, ತುಂಗಭದ್ರೆ ನಡುವಿನ ಈ ಎಡೆದೊರೆ ನಾಡಿನಲ್ಲಿ ಬೆಟ್ಟ ಹತ್ತದಿದ್ರೂ ಮೌಂಟನ್ ಬೈಕಿಗೆ ಕೆಲಸ ಇದೆ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ತುಳಿದ ಎರೆ ಮಣ್ಣು ಒಣಗಿದ ಮೇಲೆ ಇಟ್ಟಿಗೆಯಷ್ಟು ಗಟ್ಟಿ. ಅದು ಮುಗಿದರೆ ಗರಸು. ಕೈ ಗಡಗಡ ಅಂತಿದ್ದರೂ ‘ರೈಡ್ ಅಂದ್ರೆ ಹಿಂಗೇ’ ಅಂದುಕೊಂಡಿದ್ದೆ.

ಡಾಕ್ಟರ್ ಆಗಿರೋ ಗೆಳತಿ ಫೋನಿನಲ್ಲೇ ಬೈದಳು. ಕಿರುಬೆರಳಿಗೆ ಹೋಗುವ ಅಲ್ನರ್ ನರ ಮಣಿಕಟ್ಟಿನ ಹತ್ತಿರ, ಅಂಗೈ ಬುಡದಲ್ಲಿ ಹಾದುಹೋಗುತ್ತೆ. ಹ್ಯಾಂಡಲ್ ಒತ್ತಡ, ಅದುರು ಎರಡೂ ಅಲ್ಲೇ ಬೀಳುತ್ತವೆ. ಸೈಕಲ್ ನಿಲ್ಲಿಸು, ಹಿಡಿತ ಸಡಿಲಾದರೆ ಅಥವಾ ಜೋಮು ಹೋಗದಿದ್ದರೆ ಕಾಯಬೇಡ, ಬಂದು ತೋರಿಸು ಅಂದಳು. ಪುಣ್ಯಕ್ಕೆ ವಾರದೊಳಗೆ ಬೆರಳು ನನ್ನ ಮಾತು ಕೇಳ್ತು. ಆದರೂ ಎರಡು ವಾರ ಸೈಕಲ್ ಮುಟ್ಟಲಿಲ್ಲ.

ಹೊಸ ಗ್ಲೌಸ್ ಆರ್ಡರ್ ಮಾಡೋದ್ರಲ್ಲಿದ್ದೆ. ನಮ್ಮ ಓಣಿಯ ಪಂಕ್ಚರ್ ಅಂಗಡಿ ಕಾಕಾ ಟಯರ್ ಒತ್ತಿ ನೋಡಿ, “ಏನ್ ತಮ್ಮಾ, ಗಾಳಿ ಹಾಕೀಯೋ ಕಲ್ಲು ತುಂಬೀಯೋ?” ಅಂದರು. 50 ಪಿಎಸ್ಐ ಇತ್ತು. ನನ್ನ ತೂಕ 70 ಕೆಜಿ, ಟಯರ್ ಅಗಲ 2.25 ಇಂಚು. ಇಳಿಸುತ್ತಾ ಇಳಿಸುತ್ತಾ ಮುಂದೆ 28, ಹಿಂದೆ 30ಕ್ಕೆ ಬಂದೆ. ಟ್ಯೂಬ್ ಇರೋದರಿಂದ ಇನ್ನೂ ಇಳಿಸಿದರೆ ಕಲ್ಲಿಗೆ ಬಡಿದು ಪಂಕ್ಚರ್ ಆಗೋ ಭಯ.

ಆಮೇಲೆ ಕಂಡಿದ್ದನ್ನು ಹೇಳೋಕೆ ನಾಚಿಕೆ. ಮುಂದಿನ ಸಸ್ಪೆನ್ಶನ್ ಲಾಕ್ ಆಗಿತ್ತು, ಕೊಂಡ ದಿನದಿಂದ! ಮೆಕ್ಯಾನಿಕಲ್‌ನಲ್ಲಿ ಬಿಇ ಮಾಡಿದವನು ನಾನು.

ಸೀಟಿನ ಮೂತಿಯೂ ಕೆಳಗೆ ಬಾಗಿತ್ತು. ಮೈ ಮುಂದಕ್ಕೆ ಜಾರಿ ಭಾರವೆಲ್ಲ ಕೈ ಮೇಲೆ. ಅದನ್ನು ಮಟ್ಟ ಮಾಡಿದೆ. ಬ್ರೇಕ್ ಲಿವರ್ ತೀರಾ ಮೇಲಿದ್ದು ಮಣಿಕಟ್ಟು ಹಿಂದಕ್ಕೆ ಮಡಚುತ್ತಿತ್ತು. ಮೊಣಕೈಯಿಂದ ಬೆರಳಿನವರೆಗೆ ಒಂದೇ ಗೆರೆ ಬರೋ ಹಾಗೆ ತಿರುಗಿಸಿ, ಒಂದೇ ಬೆರಳಿಗೆ ಸಿಗುವಷ್ಟು ಹತ್ತಿರ ತಂದೆ. ಖರ್ಚು ಸೊನ್ನೆ, ಒಂದು ಅಲೆನ್ ಕೀ ಸಾಕಾಯ್ತು.

ಕಷ್ಟ ಆಗಿದ್ದು ಹಿಡಿತ ಸಡಿಲ ಮಾಡೋದು. ಕಲ್ಲು ಕಂಡ ಕೂಡಲೇ ಕೈ ತಾನಾಗಿ ಬಿಗಿಯಾಗುತ್ತೆ, ಬಿಗಿಯಾದಷ್ಟೂ ಅದುರು ಭುಜದವರೆಗೆ ಏರುತ್ತೆ. ಪೆಡಲ್ ಮೇಲೆ ಎದ್ದು ನಿಂತು, ಮೊಣಕೈ ಮೊಣಕಾಲು ಮಡಚಿ ಇಟ್ಟರೆ ಸೈಕಲ್ ಕೆಳಗೆ ಕುಣಿಯುತ್ತೆ, ನಾವು ಕುಣಿಯಲ್ಲ.

ಕಳೆದ ಭಾನುವಾರ ಕಲ್ಲೂರು ದಾಟಿ ಜಗನ್ನಾಥದಾಸರ ಊರು ಮಾನ್ವಿಗೆ ಹೋದೆ. ಕೊನೆಗೊಂದಿಷ್ಟು ತುಂಗಭದ್ರಾ ಎಡದಂಡೆ ಕಾಲುವೆಯ ಗರಸು ದಾರಿ, ಪಕ್ಕದಲ್ಲಿ ಭತ್ತದ ಹಸಿರು. ಅರ್ಧ ಗಂಟೆಗೊಮ್ಮೆ ನಿಂತು ಕೈ ಕೊಡವಿದೆ. ಮಾನ್ವಿಯಲ್ಲಿ ಒಗ್ಗರಣೆ, ಮಿರ್ಚಿ ಹೇಳಿ ಕೂತೆ. ಮೊದಲು ಕಿರುಬೆರಳಿನಿಂದಲೇ ಮಿರ್ಚಿ ಮುಟ್ಟಿ ನೋಡಿದೆ. ಚುರ್ ಅಂತು.