ಮರ್ಶೂಶಿನ ಚನ್ನಂಗಿ ಹೊಲ

ಮೊರಾಕೊ ದೇಶದ ರಾಜಧಾನಿಯಾದ ರಬಾತ್ ನಗರದಿಂದ ಕಡಲಿಗೆ ಬೆನ್ನುಮಾಡಿ ರೊಮ್ಮಾನಿಯ ದಾರಿ ಹಿಡಿದರೆ, ದಿಣ್ಣೆತಗ್ಗುಗಳ ಝಯೆರ್ ಸೀಮೆ ತೆರೆದುಕೊಳ್ಳುತ್ತದೆ. ಇಕ್ಕೆಲದಲ್ಲಿಯೂ ಗೋದಿಯ ಹೊಲಗಳು. ಮಳೆ ಬಿದ್ದರೆ ಕಾಲಿಗೆ ಅಂಟಿಕೊಳ್ಳುವ ಕಪ್ಪು ಎರೆಮಣ್ಣು. ಪ್ರವಾಸಿಗಳು ಫೆಜ್, ಮರಾಕೆಶ್‌ಗಳ ಹಳೆಯ ಪೇಟೆಗಳಿಗೆ ಧಾವಿಸುವರೇ ಹೊರತು ಮರ್ಶೂಶ್ ಎಂಬ ಈ ಎಡೆಯಲ್ಲಿ ಮೋಟಾರು ನಿಲ್ಲಿಸುವವರು ವಿರಳ. ನಿಲ್ಲಿಸಿದರೂ ಕಾಣುವುದೇನು? ಮೊಣಕಾಲೆತ್ತರಕ್ಕೂ ಬಾರದ ಬಡಕಲು ಗಿಡಗಳ ಸಾಲುಗಳು. ಸಾಲಿಗೊಂದು ಸಂಖ್ಯೆಯ ಪಟ್ಟಿ.

ಗಿಡವೇನೋ ಅಪರಿಚಿತವಲ್ಲ. ಕನ್ನಡನಾಡಿನ ಅಂಗಡಿಗಳಲ್ಲಿ ಮಸೂರು ಎಂದೂ ಚನ್ನಂಗಿ ಎಂದೂ ಮಾರುವ ಕೆಂಪು ಬೇಳೆಯ ಗಿಡವೇ ಇದು. ರಂಜಾನ್ ತಿಂಗಳ ಸಂಜೆ ಮೊರಾಕೊದ ಮನೆಗಳಲ್ಲಿ ಉಪವಾಸ ಮುರಿಯುವ 'ಹರೀರ' ಸಾರಿಗೂ ಇದರ ಕಾಳು ಬೀಳುತ್ತದೆ.

ಆದರೆ ಈ ಸಾಲುಗಳ ಹಿಂದೆ ಒಂದು ಯುದ್ಧದ ಕಥೆಯಿದೆ. ಸಿರಿಯಾದ ಅಲೆಪ್ಪೊ ನಗರಕ್ಕೆ ದಕ್ಷಿಣದಲ್ಲಿರುವ ತೆಲ್ ಹಾದ್ಯದಲ್ಲಿ, 1977ರಲ್ಲಿ ಹುಟ್ಟಿದ 'ಇಕಾರ್ಡಾ' ಸಂಶೋಧನ ಸಂಸ್ಥೆಯು ಒಣಬೇಸಾಯದ ಬೆಳೆಗಳ ಬೀಜಗಳನ್ನು ದೇಶದೇಶಗಳಿಂದ ತರಿಸಿ ಕೂಡಿಟ್ಟಿತ್ತು. ಚನ್ನಂಗಿಯನ್ನು ಮನುಷ್ಯನು ಮೊತ್ತಮೊದಲು ಬಿತ್ತಿದ್ದೂ ಪಶ್ಚಿಮ ಏಷ್ಯದ ಆ ಸೀಮೆಗಳಲ್ಲಿಯೇ. 2011ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ವಿಜ್ಞಾನಿಗಳು ಊರು ಬಿಡಬೇಕಾಯಿತು. ಪುಣ್ಯವಶಾತ್, 2008ರಲ್ಲಿ ನಾರ್ವೆ ದೇಶವು ಸ್ವಾಲ್ಬಾರ್ಡ್ ಹಿಮದ್ವೀಪದಲ್ಲಿ ತೆರೆದ ಬೀಜದ ಉಗ್ರಾಣಕ್ಕೆ ಬಹುಪಾಲು ಬೀಜಗಳ ಒಂದೊಂದು ಪಾಲು ಮೊದಲೇ ಸೇರಿತ್ತು. ಇಟ್ಟ ಬೀಜವನ್ನು ಆ ಉಗ್ರಾಣದಿಂದ ಮೊದಲ ಬಾರಿಗೆ ಹಿಂದಕ್ಕೆ ಪಡೆದುದು 2015ರಲ್ಲಿ. ಪೆಟ್ಟಿಗೆಗಳು ಲೆಬನಾನಿಗೂ ಮೊರಾಕೊಗೂ ಬಂದಿಳಿದವು.

ಇಷ್ಟೊಂದು ಬಗೆಗಳ ಗೊಡವೆ ಏಕೆ, ಹೆಚ್ಚು ಫಲ ಕೊಡುವ ಒಂದೆರಡು ಸಾಲದೆ, ಎಂಬ ಸಂಶಯ ಸಹಜ. ಗಂಗೆಯ ಬಯಲಿನ ಅನುಭವವೇ ಅದಕ್ಕೆ ಉತ್ತರ. ಅಲ್ಲಿಯ ನಾಟಿ ಚನ್ನಂಗಿಗಳೆಲ್ಲ ಹತ್ತಿರದ ದಾಯಾದಿಗಳು. ಅವನ್ನೇ ತಮ್ಮತಮ್ಮೊಳಗೆ ಕೂಡಿಸಿದರೆ ಹೊಸ ಗುಣ ಹುಟ್ಟುವುದು ದುರ್ಲಭ. ಪಶ್ಚಿಮ ಏಷ್ಯದ ತಳಿಯನ್ನು ತಂದು ಬಿತ್ತಿದರೆ, ಊರ ಗಿಡ ಮಾಗುವ ಹೊತ್ತಿಗೆ ಅದು ಹೂಬಿಡಲು ತೊಡಗುತ್ತಿತ್ತು. ಜೊತೆಯಾಗಿ ಅರಳದ ಹೂಗಳಲ್ಲಿ ಪರಾಗ ಕೂಡಿಸುವುದೆಂತು? ಈ ತೊಡಕನ್ನು ಬಿಡಿಸಿದ್ದು ಅರ್ಜೆಂಟೀನದ 'ಪ್ರೆಕೋಸ್': ಕಾಳು ದಪ್ಪ, ಹೂವು ಬೇಗ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಹೆಸರಿಗೆ ಬೇಗ ಬಲಿತದ್ದು ಎಂದೇ ಅರ್ಥ. ಸಂಗ್ರಹದಲ್ಲಿ ಒಂದು ಸಂಖ್ಯೆಯಾಗಿ ಮಲಗಿದ್ದ ಬೀಜವು ಹೀಗೆ ಭಾರತದ ಹೊಲಕ್ಕೆ ಬೀಗನಾಗಿ ಬಂದಿತು!

ಮರ್ಶೂಶಿನಲ್ಲಿ ನಡೆಯುವುದೂ ಇಂಥ ನೆಂಟಸ್ತನದ ಹುಡುಕಾಟವೇ. ಬಿತ್ತಿದ ಎಷ್ಟನೆಯ ದಿನ ಹೂವಾಯಿತು, ಗಿಡಕ್ಕೆ ಕಾಯಿ ಎಷ್ಟು, ನೂರು ಕಾಳಿನ ತೂಕವೆಷ್ಟು ಎಂದು ಸಾಲುಸಾಲಾಗಿ ಲೆಕ್ಕ ಬರೆಯುತ್ತಾರೆ. ಒಂದು ಕಾಯಿಯೊಳಗೆ ಸಾಮಾನ್ಯವಾಗಿ ಇರುವುದು ಒಂದೋ ಎರಡೋ ಕಾಳು. ಆದುದರಿಂದ ಕಾಯಿಗಳ ಸಂಖ್ಯೆಗೆ ಮಹತ್ವ ಹೆಚ್ಚು. ಕಾಳು ದಪ್ಪವಾದರೆ ಕಾಯಿ ಕಡಿಮೆಯಾಗುವುದೂ ಉಂಟು. ಮಳೆ ಬೇಗನೆ ಕೈಕೊಟ್ಟ ವರ್ಷ ನಿಧಾನದ ಗಿಡ ಹೂವಿನಲ್ಲಿಯೇ ಬಾಡುತ್ತದೆ. ತುಂಬುಮಳೆಯ ವರ್ಷ ಅದೇ ಗಿಡ ಮುಂದಾಗಬಹುದು. ಒಂದು ವರ್ಷದ ಸೋಲಿನಿಂದ ಯಾವ ಸಾಲನ್ನೂ ತಳ್ಳಿಹಾಕುವಂತಿಲ್ಲ.

ಮರಳಿ ಬೆಳೆದ ಬೀಜಗಳ ಮೊದಲ ಕಂತು 2017ರಲ್ಲಿ ಸ್ವಾಲ್ಬಾರ್ಡಿನ ಹಿಮದೊಳಗೆ ಹಿಂದಿರುಗಿತು.